ಹಾವಳಿ, ಆ್ಯಕ್ಷನ್, ವಿಮೋಚನೆ: ನಮ್ಮ ಭಾಗದ ಇತಿಹಾಸದ ಕೆಲವು ಪದಗಳು

ಆಗಸ್ಟ್ 15 ಮತ್ತು ಜನವರಿ 26ರಂದು ನಾಡಿನ ಎಲ್ಲ ಶಾಲೆಗಳಲ್ಲೂ ಧ್ವಜ ಏರುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ನಮಗೆ ಇನ್ನೊಂದು ದಿನವೂ ಇದೆ, ಸೆಪ್ಟೆಂಬರ್ 17. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನಗೆ ತಿಳಿದ ಸಂಗತಿ ಏನೆಂದರೆ, ಮೈಸೂರು, ಮಂಗಳೂರು ಕಡೆಯ ನನ್ನ ಸಹೋದ್ಯೋಗಿಗಳಲ್ಲಿ ಅನೇಕರಿಗೆ ಈ ದಿನದ ಪರಿಚಯವೇ ಇಲ್ಲ. ಭಾರತ ಸ್ವತಂತ್ರವಾದ ಮೇಲೂ ನಮ್ಮ ಜಿಲ್ಲೆ ಹದಿಮೂರು ತಿಂಗಳು ಕಾಯಬೇಕಾಯಿತು ಎಂದರೆ ಅವರು ಆಶ್ಚರ್ಯಪಡುತ್ತಾರೆ.

ಆ ಹದಿಮೂರು ತಿಂಗಳ ಕಥೆಗೆ ಒಂದೇ ಹೆಸರಿಲ್ಲ. ಸರ್ಕಾರದ ಆಮಂತ್ರಣ ಪತ್ರಿಕೆಯಲ್ಲಿ ‘ವಿಮೋಚನೆ’ ಎಂದಿರುತ್ತದೆ. ಕೆಲವರು ‘ವಿಲೀನ’ ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ‘ಪೊಲೀಸ್ ಕಾರ್ಯಾಚರಣೆ’. ನಮ್ಮ ಊರ ಕಟ್ಟೆಯ ಮೇಲೆ ಕೂತ ಮುತ್ಯಾಗಳ ಬಾಯಲ್ಲಿ ‘ರಜಾಕಾರ್ ಹಾವಳಿ’ ಅಥವಾ ಬರೀ ‘ಆ್ಯಕ್ಷನ್’. ‘ಹಾವಳಿ ಆದಾಗ ನಾ ಹತ್ತು ವರ್ಷದಾಂವ ಇದ್ದೆ ನೋಡಪ್ಪ’ ಎಂದು ತಮ್ಮ ವಯಸ್ಸನ್ನೂ ಅದರಿಂದಲೇ ಲೆಕ್ಕ ಹಾಕುತ್ತಿದ್ದರು. ಒಂದೇ ಘಟನೆಗೆ ಇಷ್ಟು ಹೆಸರು ಏಕೆ? ಒಂದೊಂದು ಹೆಸರೂ ಏನನ್ನು ಹೇಳುತ್ತದೆ, ಏನನ್ನು ಬಿಡುತ್ತದೆ? ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಕಾಲದ ಕೆಲವು ಪದಗಳನ್ನು ಒಂದೊಂದಾಗಿ ಎತ್ತಿಕೊಂಡು ನೋಡುವುದು ನನ್ನ ಉದ್ದೇಶ. ನಾನು ಇತಿಹಾಸದ ವಿದ್ವಾಂಸನಲ್ಲ, ಇಂಜಿನಿಯರಿಂಗ್ ಓದಿದವನು. ಆದರೆ ಪದಗಳ ಈ ಯೋಚನೆ ನನಗೆ ಹತ್ತಿದ್ದು ನನ್ನ ಕೆಲಸದಿಂದಲೇ.

ಅಮೆರಿಕದ ಒಂದು ಉದಾಹರಣೆ

ಕಂಪ್ಯೂಟರ್ ಕ್ಷೇತ್ರದಲ್ಲಿ ಬಹಳ ವರ್ಷಗಳಿಂದ ‘ಮಾಸ್ಟರ್’, ‘ಸ್ಲೇವ್’ ಎಂಬ ಜೋಡಿ ಪದ ಬಳಕೆಯಲ್ಲಿತ್ತು. ಮುಖ್ಯ ಡೇಟಾಬೇಸು ಮಾಸ್ಟರ್, ಅದು ಹೇಳಿದಂತೆ ಕೇಳುವ ನಕಲು ಸ್ಲೇವ್. ಅಂದರೆ ಒಡೆಯ ಮತ್ತು ಗುಲಾಮ. 2020ರಲ್ಲಿ ಅಮೆರಿಕದಲ್ಲಿ ಕಪ್ಪು ಜನರ ಮೇಲಿನ ದೌರ್ಜನ್ಯದ ವಿರುದ್ಧ ದೊಡ್ಡ ಚಳವಳಿ ನಡೆದಾಗ ಅನೇಕ ಕಂಪನಿಗಳು ಈ ಪದಗಳನ್ನು ಕೈಬಿಟ್ಟವು. ಗಿಟ್‌ಹಬ್ ಎಂಬ ಜಾಲತಾಣ ‘ಮಾಸ್ಟರ್’ ಬದಲು ‘ಮೇನ್’ ಎಂದಿತು. ನೂರೈವತ್ತು ವರ್ಷ ಹಿಂದೆ ಮುಗಿದ ಗುಲಾಮಗಿರಿಯ ಪದ ಇವತ್ತಿನ ಕಂಪ್ಯೂಟರಿನೊಳಗೂ ಕುಳಿತಿತ್ತು.

ಆ ಗುಲಾಮಗಿರಿಗಾಗಿ ಅಮೆರಿಕದಲ್ಲಿ 1861ರಿಂದ 1865ರವರೆಗೆ ಯುದ್ಧ ನಡೆಯಿತು. ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದ 11 ರಾಜ್ಯಗಳು ಒಕ್ಕೂಟದಿಂದ ಹೊರಗೆ ಹೋದವು. ಅಬ್ರಹಾಂ ಲಿಂಕನ್ 1863ರ ಜನವರಿ 1ರಂದು ವಿಮೋಚನಾ ಘೋಷಣೆ ಹೊರಡಿಸಿದರು. 1865ರ ಕೊನೆಗೆ ಸಂವಿಧಾನದ 13ನೇ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಯಿತು. ಆಗ ಅಲ್ಲಿದ್ದ ಗುಲಾಮರು ಸುಮಾರು 40 ಲಕ್ಷ. ಆ ಯುದ್ಧಕ್ಕೂ ಹಲವು ಹೆಸರು. ಗೆದ್ದ ಉತ್ತರದವರ ಸರ್ಕಾರಿ ದಾಖಲೆಗಳಲ್ಲಿ ಅದು ‘ದಂಗೆಯ ಯುದ್ಧ’. ಸೋತ ದಕ್ಷಿಣದವರು ‘ರಾಜ್ಯಗಳ ನಡುವಿನ ಯುದ್ಧ’ ಎಂದರು. ನಮ್ಮ ಪಠ್ಯದಲ್ಲಿ ‘ಅಂತರ್ಯುದ್ಧ’. ದಂಗೆ ಎಂದರೆ ತಪ್ಪು ದಕ್ಷಿಣದ್ದು, ರಾಜ್ಯಗಳ ನಡುವೆ ಎಂದರೆ ಇಬ್ಬರೂ ಸಮ. ಆದರೆ ಯಾವ ಹೆಸರಲ್ಲೂ ಗುಲಾಮನಿಲ್ಲ. ಒಡೆಯನಿಂದ ತಪ್ಪಿಸಿಕೊಂಡು ಉತ್ತರದ ಸೈನ್ಯದ ಬಳಿ ಬಂದ ಗುಲಾಮರನ್ನು ಆ ಸೈನ್ಯವೇ ‘ಜಪ್ತಿಯ ಮಾಲು’ ಎಂಬ ಅರ್ಥದ ಪದದಿಂದ ಕರೆಯಿತು. ಅವರನ್ನು ವಾಪಸ್ ಕೊಡದೆ ಉಳಿಸಿಕೊಳ್ಳಲು ಅದು ಕಾನೂನಿನ ದಾರಿಯಾಗಿತ್ತು. ಬಿಡುಗಡೆಯಾದರೂ ಕಾಗದದಲ್ಲಿ ಅವರು ಇನ್ನೂ ಸಾಮಾನೇ.

ನಮ್ಮ ಕಥೆ ಬೇರೆ. ಹೈದರಾಬಾದಿನ ಜಗಳ ಮುಖ್ಯವಾಗಿ ರಾಜ್ಯ ಯಾರದ್ದು ಎಂಬುದರ ಮೇಲೆ ನಡೆಯಿತು. ಆದರೂ ಮೂರು ಪ್ರಶ್ನೆಗಳು ಎರಡೂ ಕಡೆ ಒಂದೇ. ಹೆಸರು ಇಟ್ಟವರು ಯಾರು, ಯಾರ ನೋವು ಆ ಹೆಸರಿನೊಳಗೆ ಬಂತು, ಯಾರದ್ದು ಹೊರಗೆ ಉಳಿಯಿತು?

ಜಾಗೀರು, ಪೈಗಾ, ಸರ್ಫ್-ಎ-ಖಾಸ್

ಇವತ್ತು ಯಾರಾದರೂ ಜಬರ್ದಸ್ತಿ ಮಾಡಿದರೆ ‘ಇದೇನು ನಿಮ್ಮಪ್ಪನ ಜಾಗೀರೇನು?’ ಎನ್ನುತ್ತೇವೆ. ಒಂದು ಕಾಲಕ್ಕೆ ಅದು ಬೈಗುಳವಾಗಿರಲಿಲ್ಲ, ವ್ಯವಸ್ಥೆಯಾಗಿತ್ತು. ನಿಜಾಮರ ರಾಜ್ಯದಲ್ಲಿ 16 ಜಿಲ್ಲೆಗಳು. ಕನ್ನಡದ್ದು ಬೀದರ್, ಗುಲಬರ್ಗಾ, ರಾಯಚೂರು. ನೆಲದಲ್ಲಿ ಸುಮಾರು ಅರವತ್ತು ಭಾಗ ಸರ್ಕಾರದ್ದು, ಅದಕ್ಕೆ ಖಾಲ್ಸಾ ಅಥವಾ ದಿವಾನಿ ಎಂದು ಹೆಸರು. ಸುಮಾರು ಹತ್ತು ಭಾಗ ನಿಜಾಮರ ಸ್ವಂತ ಖರ್ಚಿಗೆ, ಅದು ಸರ್ಫ್-ಎ-ಖಾಸ್. ಉಳಿದದ್ದು ಜಾಗೀರುದಾರರು ಮತ್ತು ಪೈಗಾ ನವಾಬರದು. ಪೈಗಾ ಎಂದರೆ ನಿಜಾಮರಿಗೆ ಕುದುರೆ ದಂಡು ಸಾಕಿ ಕೊಡುವುದಕ್ಕಾಗಿ ಮನೆತನಗಳಿಗೆ ಬಿಟ್ಟ ಸೀಮೆ.

ಒಬ್ಬ ರೈತನ ಪಾಲಿಗೆ ಈ ಪದಗಳ ಅರ್ಥ ಏನು? ಖಾಲ್ಸಾ ಹಳ್ಳಿಯಲ್ಲಿ ಅಳತೆ, ದಫ್ತರ, ತಹಸೀಲ ಕಚೇರಿ ಇತ್ತು. ಎಷ್ಟೇ ಕಷ್ಟವಾದರೂ ಅರ್ಜಿ ಹಾಕಲು ಒಂದು ಬಾಗಿಲಿತ್ತು. ಜಾಗೀರಿನಲ್ಲಿ ಸುಂಕ, ಪಟ್ಟಿ ಎಲ್ಲ ಆ ಮನೆತನದ ಮರ್ಜಿ. ಇದರ ಮೇಲೆ ದಫ್ತರದ ಭಾಷೆ ಉರ್ದು, ವರ್ಷ ಫಸಲಿ, ಹಣ ಹಾಲಿ ಸಿಕ್ಕಾ. ಬ್ರಿಟಿಷ್ ಭಾರತದ ರೂಪಾಯಿಗೆ ‘ಕಲ್ದಾರ್’ ಎಂದು ಹೆಸರು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ಸೊಲ್ಲಾಪುರದ ಸಂತೆಗೆ ಹೋಗುವವರಿಗೆ ಈ ಲೆಕ್ಕ ಬಾಯಿಪಾಠವಿರಲೇಬೇಕಿತ್ತು.

ಬಿಟ್ಟಿ, ಜೀತ, ಭಾಗೇಲ

‘ಬಿಟ್ಟಿ ಸಿಕ್ಕಿತು’ ಎಂದರೆ ಇಂದು ಪುಕ್ಕಟೆ ಸಿಕ್ಕಿತು ಎಂದರ್ಥ. ಮದುವೆಯಲ್ಲಿ ‘ಬಿಟ್ಟಿ ಊಟ’ ಎಂದು ತಮಾಷೆ ಮಾಡುತ್ತೇವೆ. ಇದು ಸಂಸ್ಕೃತದ ‘ವಿಷ್ಟಿ’ ಎಂಬ ಪದದಿಂದ ಬಂದದ್ದು. ಕೂಲಿ ಕೊಡದೆ ಬಲವಂತದಿಂದ ಮಾಡಿಸುವ ಕೆಲಸ ಎಂದು ಅದರ ಅರ್ಥ. ತೆಲುಗಿನಲ್ಲಿ ವೆಟ್ಟಿ, ಹಿಂದಿ ಮತ್ತು ಉರ್ದುವಿನಲ್ಲಿ ಬೇಗಾರ್. ಅಧಿಕಾರಿ ಊರಿಗೆ ಬಂದರೆ ಅವನ ಸಾಮಾನು ಹೊರುವುದು, ಕುದುರೆಗೆ ಹುಲ್ಲು ಹಾಕುವುದು, ನೀರು, ಕಟ್ಟಿಗೆ ತರುವುದು, ಗೌಡರ ಮನೆಯ ಕಸ ಬಳಿಯುವುದು, ಎಲ್ಲ ಬಿಟ್ಟಿ. ಹೆಚ್ಚಿನಂತೆ ಈ ಭಾರ ಬಿದ್ದದ್ದು ಅಸ್ಪೃಶ್ಯರೆನಿಸಿದ್ದ ಜಾತಿಗಳ ಮೇಲೆ. ಪಕ್ಕದ ತೆಲಂಗಾಣದಲ್ಲಿ 1946ರಿಂದ 1951ರವರೆಗೆ ನಡೆದ ಸಶಸ್ತ್ರ ಹೋರಾಟಕ್ಕೆ ಮುಖ್ಯ ಕಾರಣಗಳಲ್ಲಿ ಈ ವೆಟ್ಟಿಯೂ ಒಂದು.

‘ಜೀತ’ದ ಕಥೆ ಇನ್ನೂ ವಿಚಿತ್ರ. ಹಳಗನ್ನಡದಲ್ಲಿ ಜೀತ ಎಂದರೆ ಜೀವನಕ್ಕೆ ಸಿಗುವ ಸಂಬಳ. ಸಂಬಳದ ಹೆಸರೇ ಕಾಲಾಂತರದಲ್ಲಿ ಸಂಬಳವಿಲ್ಲದ ದುಡಿಮೆಯ ಹೆಸರಾಯಿತು. ಮಗನ ಮದುವೆಗೋ ಕಾಯಿಲೆಗೋ ಸಾಲ ಮಾಡಿದವನು ಆ ಸಾಲ ತೀರುವ ತನಕ ಸಾಹುಕಾರನ ಮನೆಯಲ್ಲಿ ದುಡಿಯಬೇಕು. ಬಡ್ಡಿ ಬೆಳೆಯುತ್ತದೆ, ಸಾಲ ತೀರುವುದಿಲ್ಲ, ಅವನ ನಂತರ ಮಗ ಬರುತ್ತಾನೆ. ಹೈದರಾಬಾದ್ ಸಂಸ್ಥಾನದ ಕಾಗದಗಳಲ್ಲಿ ಇದಕ್ಕೆ ‘ಭಾಗೇಲ’ ಎಂಬ ಹೆಸರಿತ್ತು. 1936ರಲ್ಲಿ ನಿಜಾಮ್ ಸರ್ಕಾರವೇ ಇದನ್ನು ಹತೋಟಿಗೆ ತರಲು ಭಾಗೇಲ ಕರಾರುಗಳ ಕಾನೂನು ಮಾಡಿತು. ಆದರೆ ಓದು ಬಾರದ ಆಳು ಕರಾರು ಪತ್ರ ಹಿಡಿದು ಯಾವ ಕಚೇರಿಗೆ ಹೋಗಬೇಕು? ಪದ್ಧತಿ ಹಾಗೇ ಉಳಿಯಿತು.

1948ರಲ್ಲಿ ನಾವು ವಿಮೋಚನೆಗೊಂಡೆವು, 1949ರ ಆಗಸ್ಟ್‌ನಲ್ಲಿ ಜಾಗೀರುಗಳು ರದ್ದಾದವು, 1950ರ ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. ಹಾಗಿದ್ದೂ ಜೀತವನ್ನು ಪೂರ್ತಿ ರದ್ದು ಮಾಡುವ ಕೇಂದ್ರದ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರ್‌ನಲ್ಲಿ, ಕಾಯ್ದೆಯಾದದ್ದು 1976ರಲ್ಲಿ. ಆ ಕಾಯ್ದೆಯಲ್ಲಿ ದೇಶದ ಬೇರೆಬೇರೆ ಕಡೆ ಈ ಪದ್ಧತಿಗಿದ್ದ ಹೆಸರುಗಳ ಉದ್ದನೆಯ ಪಟ್ಟಿ ಇದೆ. ಅದರಲ್ಲಿ ಭಾಗೇಲವೂ ಇದೆ, ಜೀತವೂ ಇದೆ, ವೆಟ್ಟಿಯೂ ಇದೆ. ಅಮೆರಿಕದಲ್ಲೂ ಗುಲಾಮಗಿರಿ ಹೋದ ಮೇಲೆ ಸಾಲದ ಹೆಸರಿನಲ್ಲಿ ಅದೇ ಜನರನ್ನು ಅದೇ ಹೊಲಗಳಲ್ಲಿ ದಶಕಗಳ ಕಾಲ ದುಡಿಸಿದರು. ವಿಮೋಚನೆ ಎಂಬ ಒಂದೇ ಪದ ಎಲ್ಲರ ಮನೆಗೂ ಒಂದೇ ದಿನ ಬರುವುದಿಲ್ಲ.

ಓದುಗರು ಒಂದು ಸಂಗತಿ ಗಮನಿಸಬೇಕು. ನಮ್ಮ ಶಾಲೆಗೂ ಆ ಕಾಯ್ದೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಜೀತ ಬಿಟ್ಟ ಮನೆಯ ಮಗ ಅಥವಾ ಮಗಳು ಬಂದು ಕೂರಬಹುದಾದ ಮೊದಲ ಹೈಸ್ಕೂಲ್ ಬೆಂಚು ಇಂಥ ಸರ್ಕಾರಿ ಶಾಲೆಗಳದ್ದೇ ಆಗಿತ್ತು.

ಆಜಾದ್, ಯಥಾಸ್ಥಿತಿ, ವಿಲೀನ

1947ರ ಜೂನ್‌ನಲ್ಲಿ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಫರ್ಮಾನು ಹೊರಡಿಸಿ, ಭಾರತಕ್ಕೂ ಪಾಕಿಸ್ತಾನಕ್ಕೂ ಸೇರುವುದಿಲ್ಲ ಎಂದರು. ಅವರ ಪರ ಇದ್ದವರ ಪದ ‘ಆಜಾದ್ ಹೈದರಾಬಾದ್’. ಆಜಾದ್ ಎಂದರೆ ಸ್ವತಂತ್ರ. ಅದೇ ಹೊತ್ತಿಗೆ ಸ್ವಾಮಿ ರಮಾನಂದ ತೀರ್ಥರ ನಾಯಕತ್ವದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಆಗಸ್ಟ್ 7ರಂದು ‘ಭಾರತ ಒಕ್ಕೂಟ ಸೇರಿ’ ಎಂಬ ದಿನ ಆಚರಿಸಿತು. ಅವರ ಬಾಯಲ್ಲಿ ಇದ್ದದ್ದೂ ಸ್ವಾತಂತ್ರ್ಯವೇ. ಸ್ವತಂತ್ರ ಎಂಬ ಒಂದೇ ಪದವನ್ನು ಒಬ್ಬರು ಅರಮನೆಗಾಗಿ, ಇನ್ನೊಬ್ಬರು ಪ್ರಜೆಗಾಗಿ ಹೇಳುತ್ತಿದ್ದರು. ಅಮೆರಿಕದ ದಕ್ಷಿಣದ ಜಮೀನುದಾರರೂ ತಮ್ಮ ‘ಸ್ವಾತಂತ್ರ್ಯ’ಕ್ಕಾಗಿಯೇ ಹೋರಾಡಿದ್ದೇವೆ ಎಂದಿದ್ದರು.

1947ರ ನವೆಂಬರ್ 29ರಂದು ಭಾರತ ಮತ್ತು ನಿಜಾಮರ ನಡುವೆ ‘ಯಥಾಸ್ಥಿತಿ ಒಪ್ಪಂದ’ವಾಯಿತು. ಒಂದು ವರ್ಷದ ಮಟ್ಟಿಗೆ ಎಲ್ಲ ಮೊದಲು ಇದ್ದಂತೆಯೇ ಇರಲಿ ಎಂಬುದು ಅದರ ಸಾರ. ದೆಹಲಿಗೆ ಅದು ಒಂದು ವರ್ಷದ ಕಾಲಾವಕಾಶ. ಬಿಟ್ಟಿ ಮಾಡುವವನಿಗೆ ‘ಇದ್ದಂತೆಯೇ ಇರಲಿ’ ಎಂದರೆ ಇನ್ನೊಂದು ವರ್ಷದ ಬಿಟ್ಟಿ.

ರಜಾಕಾರ

ಈ ಪದದ ಮೂಲ ಅರ್ಥ ಕೇಳಿದರೆ ಮಕ್ಕಳು ನಂಬುವುದಿಲ್ಲ. ರಜಾ ಎಂದರೆ ಒಪ್ಪಿಗೆ. ರಜಾಕಾರ ಎಂದರೆ ಸ್ವಇಚ್ಛೆಯಿಂದ ಸೇವೆಗೆ ಬಂದವನು, ಸ್ವಯಂಸೇವಕ. ಲಾತೂರಿನ ವಕೀಲ ಖಾಸಿಂ ರಜ್ವಿ ಮಜ್ಲಿಸ್ ಸಂಘಟನೆಯ ನಾಯಕನಾದ ಮೇಲೆ ಈ ಸ್ವಯಂಸೇವಕರ ಕೈಗೆ ಆಯುಧ ಬಂತು. ಲೂಟಿ, ಕೊಲೆ, ಊರು ಸುಡುವುದು ನಡೆಯಿತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ದೊಡ್ಡ ಹತ್ಯಾಕಾಂಡವಾಯಿತು. ಅದೇ ತಿಂಗಳು 22ರಂದು ಮದ್ರಾಸಿನಿಂದ ಬೊಂಬಾಯಿಗೆ ಹೋಗುತ್ತಿದ್ದ ಮೇಲ್ ಗಾಡಿಯ ಮೇಲೆ ಗಾಣಗಾಪುರ ಸ್ಟೇಷನ್ನಿನಲ್ಲಿ ದಾಳಿ ನಡೆಯಿತು. ಅದು ನಮ್ಮ ವಾಡಿ, ಶಹಾಬಾದ್ ಮೇಲೆಯೇ ಹೋಗುವ ಹಳಿ. 1874ರಿಂದ ಸಿಕಂದರಾಬಾದಿನ ಗಾಡಿಗೆ ಜಂಕ್ಷನ್ ಆಗಿದ್ದ ವಾಡಿ, ಆ ದಿನಗಳಲ್ಲಿ ಊರು ಬಿಟ್ಟು ಸೊಲ್ಲಾಪುರದ ಕಡೆ ಹೊರಟವರ ದಾರಿಯೂ ಹೌದು.

ರಜಾಕಾರ ಎಂದರೆ ಒಂದು ಸಂಘಟನೆಯ ಹೆಸರು, ಒಂದು ಧರ್ಮದ ಹೆಸರಲ್ಲ. ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್, ಹೈದರಾಬಾದ್ ಭಾರತಕ್ಕೆ ಸೇರಬೇಕು ಎಂದು ಬರೆಯುತ್ತಿದ್ದವರು. 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಅವರನ್ನು ಕೊಂದರು. 1971ರಲ್ಲಿ ಬಾಂಗ್ಲಾದೇಶದಲ್ಲಿ ಪಾಕಿಸ್ತಾನಿ ಸೈನ್ಯದ ಜೊತೆ ನಿಂತ ಪಡೆಗೂ ರಜಾಕಾರ ಎಂದೇ ಹೆಸರಿತ್ತು. ಅಲ್ಲಿ ಸತ್ತವರಲ್ಲೂ ಕೊಂದವರಲ್ಲೂ ಮುಸಲ್ಮಾನರಿದ್ದರು. ಇದನ್ನು ಮರೆತು ನೆರೆಮನೆಯವನನ್ನು ಈ ಪದದಿಂದ ಕರೆಯುವುದು ಇತಿಹಾಸಕ್ಕೂ ಅನ್ಯಾಯ, ಶೋಯೆಬುಲ್ಲಾ ಖಾನರಿಗೂ ಅನ್ಯಾಯ.

ಶಿಬಿರ, ನಾಕಾ, ಸಿಂದಿ ಗಿಡ

ಹೋರಾಟಗಾರರಿಗೂ ತಮ್ಮದೇ ಪದಗಳಿದ್ದವು. ‘ಶಿಬಿರ’ ಎಂದರೆ ಇಂದು ನಮಗೆ ಎನ್‌ಎಸ್‌ಎಸ್ ಶಿಬಿರ ನೆನಪಾಗುತ್ತದೆ. ಅಂದು ಅದು ಗಡಿಯಾಚೆ ಭಾರತದ ನೆಲದಲ್ಲಿ ಹೋರಾಟಗಾರರು ನೆಲೆ ನಿಂತ ಜಾಗ. ಅಳವಂಡಿ ಶಿವಮೂರ್ತಿಸ್ವಾಮಿಯವರ ಮುಂಡರಗಿ ಶಿಬಿರ ಹೆಸರಾದದ್ದು. ರಾತ್ರಿ ಗಡಿ ದಾಟಿ ಬಂದು ‘ಕರೋಡಗಿರಿ ನಾಕಾ’ಗಳ, ಅಂದರೆ ಸುಂಕದ ಕಟ್ಟೆಗಳ ಮೇಲೆ ದಾಳಿ ಮಾಡುತ್ತಿದ್ದರು. ಕರ ಕೊಡಬೇಡಿ, ಲೆವಿ ಧಾನ್ಯ ಕೊಡಬೇಡಿ ಎನ್ನುತ್ತಿದ್ದರು. ಸಿಂದಿ ಗಿಡಗಳನ್ನು ಕಡಿಯುವುದೂ ಸತ್ಯಾಗ್ರಹವಾಗಿತ್ತು, ಏಕೆಂದರೆ ಸೇಂದಿಯ ಅಬಕಾರಿ ಹಣ ನಿಜಾಮರ ಖಜಾನೆಗೆ ದೊಡ್ಡ ಆದಾಯ. ಗಿಡ ಕಡಿಯುವುದೂ ಸ್ವಾತಂತ್ರ್ಯ ಹೋರಾಟವೇ ಎಂದು ಇಂದಿನ ಮಕ್ಕಳಿಗೆ ಈ ಲೆಕ್ಕ ಹೇಳಿಯೇ ಅರ್ಥ ಮಾಡಿಸಬೇಕು.

ಪೊಲೀಸ್ ಆ್ಯಕ್ಷನ್

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸೊಲ್ಲಾಪುರ ಮತ್ತು ವಿಜಯವಾಡಾ ಕಡೆಗಳಿಂದ ಒಳಗೆ ಬಂತು. ಟ್ಯಾಂಕು ಇತ್ತು, ವಿಮಾನ ಇತ್ತು, ಮೇಜರ್ ಜನರಲ್ ಜೆ. ಎನ್. ಚೌಧುರಿ ಇದ್ದರು. ಸೈನ್ಯದೊಳಗಿನ ಗುಪ್ತ ಹೆಸರು ‘ಆಪರೇಷನ್ ಪೋಲೋ’. 17ರಂದು ನಿಜಾಮರು ಸೋಲೊಪ್ಪಿಕೊಂಡರು. 18ರಂದು ಅವರ ಸೇನಾಪತಿ ಎಲ್ ಎದ್ರೂಸ್ ಶರಣಾದರು.

ಸೈನ್ಯ ಮಾಡಿದ ಕೆಲಸಕ್ಕೆ ಪೊಲೀಸರ ಹೆಸರೇಕೆ? ಯುದ್ಧ ಎಂದರೆ ಅದು ಎರಡು ದೇಶಗಳ ನಡುವಿನ ಮಾತು. ಪೊಲೀಸರು ಹೋಗುವುದು ತಮ್ಮದೇ ಊರಿನೊಳಗೆ ಗಲಾಟೆ ನಿಲ್ಲಿಸಲು. ಹೈದರಾಬಾದ್ ಅದಾಗಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ‘ಇದು ನಮ್ಮ ಒಳಗಿನ ವಿಷಯ’ ಎಂದು ಭಾರತ ಹೇಳಬೇಕಿತ್ತು. ಆ ಎರಡು ಪದಗಳಲ್ಲೇ ಆ ವಾದ ಅಡಗಿತ್ತು. ಇದೇ ಹೆಸರನ್ನು ಅದಕ್ಕೂ ಒಂದು ವರ್ಷ ಮೊದಲು, 1947ರಲ್ಲಿ, ಡಚ್ಚರು ಇಂಡೋನೇಷ್ಯಾದ ಮೇಲಿನ ತಮ್ಮ ದಾಳಿಗೆ ಇಟ್ಟಿದ್ದರು. ಆಗ ಅದನ್ನು ಭದ್ರತಾ ಮಂಡಳಿಯ ಮುಂದೆ ಒಯ್ದ ದೇಶಗಳಲ್ಲಿ ಭಾರತವೂ ಒಂದು. ಡಚ್ಚರು ವಸಾಹತು ಉಳಿಸಿಕೊಳ್ಳಲು ಹೋದವರು, ಇಲ್ಲಿ ಸೈನ್ಯಕ್ಕಾಗಿ ಹಾದಿ ಕಾಯುತ್ತಿದ್ದವರು ಲಕ್ಷಾಂತರ ಜನ. ಎರಡೂ ಒಂದೇ ಅಲ್ಲ, ಹೆಸರು ಮಾತ್ರ ಒಂದೇ.

ಹೆಸರಿಲ್ಲದ ದಿನಗಳು

ಸೆಪ್ಟೆಂಬರ್ 17ರ ನಂತರ ನಡೆದದ್ದಕ್ಕೆ ನಮ್ಮ ಭಾಷಣಗಳಲ್ಲಿ ಯಾವ ಪದವೂ ಇಲ್ಲ. ರಜಾಕಾರರ ಮೇಲಿನ ಸಿಟ್ಟು ರಜಾಕಾರರಲ್ಲದ ಬಡ ಮುಸಲ್ಮಾನರ ಮೇಲೆ ತಿರುಗಿತು. ಪ್ರಧಾನಿ ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ 1948ರ ಕೊನೆಗೆ ಜಿಲ್ಲೆಗಳನ್ನು ಸುತ್ತಿ ವರದಿ ಕೊಟ್ಟಿತು. ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಅದರ ನಂತರ ಇಡೀ ಸಂಸ್ಥಾನದಲ್ಲಿ ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಸತ್ತರು ಎಂದು ಅದು ಅಂದಾಜಿಸಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ್. ನಮ್ಮ ಜಿಲ್ಲೆಯ ಹೆಸರು ಅದರಲ್ಲಿದೆ. ಈ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ಒಂದೇ ಕಸುಬಿನವರ ನಡುವಿನ ಅಕ್ಕರೆಯ ಬಗ್ಗೆ ಹೇಳುತ್ತಾ, ಕೆಲವು ಕಡೆ ಹಿಂದೂ ನೇಕಾರರು ತಮ್ಮ ಜೊತೆಯ ಮುಸ್ಲಿಂ ನೇಕಾರರನ್ನು ಜೀವ ಒತ್ತೆ ಇಟ್ಟು ಕಾಪಾಡಿದರು ಎಂದು ಬರೆದಿದೆ. ಗೋರಟಾದ ನೋವನ್ನು ಹೇಳುವ ನಾವು ಈ ನೋವನ್ನೂ ಹೇಳಿದರೆ ಮೊದಲನೆಯದರ ತೂಕ ಕಡಿಮೆಯಾಗುವುದಿಲ್ಲ. ಶರಣಬಸವೇಶ್ವರ ಜಾತ್ರೆಗೂ ಬಂದೇನವಾಜರ ಉರುಸಿಗೂ ಒಂದೇ ಬಂಡಿಯಲ್ಲಿ ಹೋಗುತ್ತಿದ್ದ ಜನ ನಮ್ಮವರು. ಎರಡನ್ನೂ ಕೇಳಿಸಿಕೊಳ್ಳುವ ಶಕ್ತಿ ಈ ನೆಲಕ್ಕಿದೆ.

ಮುಲ್ಕಿಯಿಂದ 371 ಜೆವರೆಗೆ

ಸೋತ ನಿಜಾಮರೇ 1950ರ ಜನವರಿ 26ರಿಂದ ‘ರಾಜಪ್ರಮುಖ’ರಾದರು. 1956ರ ನವೆಂಬರ್ 1ರಂದು ಸಂಸ್ಥಾನ ಒಡೆದು ನಾವು ಮೈಸೂರು ರಾಜ್ಯಕ್ಕೆ ಬಂದೆವು. ಸೇಡಂ, ಚಿಂಚೋಳಿಗಳ ನೆರೆಯ ಕೊಡಂಗಲ್ ಮತ್ತು ತಾಂಡೂರು ಆಂಧ್ರದ ಕಡೆ ಹೋದವು. ‘ಹೈದರಾಬಾದ್ ಕರ್ನಾಟಕ’ ಎಂಬ ಹೆಸರು 2019ರ ಸೆಪ್ಟೆಂಬರ್ 17ರಂದು ‘ಕಲ್ಯಾಣ ಕರ್ನಾಟಕ’ವಾಯಿತು.

ನಿಜಾಮರ ಕಾಲದ ಒಂದು ಪದ ಮಾತ್ರ ವೇಷ ಬದಲಿಸಿ ಬದುಕಿದೆ. ಸರ್ಕಾರಿ ನೌಕರಿ ಸ್ಥಳೀಯರಿಗೇ ಸಿಗಬೇಕೆಂದು 1919ರಲ್ಲಿ ‘ಮುಲ್ಕಿ’ ನಿಯಮ ಬಂದಿತ್ತು. ಮುಲ್ಕ್ ಎಂದರೆ ನಾಡು, ಮುಲ್ಕಿ ಎಂದರೆ ನಾಡಿನವ. 2012ರ 98ನೇ ತಿದ್ದುಪಡಿಯಿಂದ ಬಂದ 371 ಜೆ ವಿಧಿಯ ಅಡಿ ನಮ್ಮ ಮಕ್ಕಳು ಸೀಟಿಗೂ ನೌಕರಿಗೂ ಪಡೆಯುವ ಸ್ಥಳೀಯ ಅರ್ಹತಾ ಪತ್ರದ ಹಿಂದೆ ಇರುವುದೂ ಅದೇ ಯೋಚನೆ. ಹಿಂದುಳಿದ ನಾಡಿನವನಿಗೆ ತನ್ನ ನಾಡಿನಲ್ಲಿ ಮೊದಲ ಅವಕಾಶ ಸಿಗಬೇಕು ಎಂಬುದು.

ನಮ್ಮ ಶಾಲೆ ಮಾಡಬಹುದಾದ ಕೆಲಸ

1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ ಇದ್ದಾರೆ. ಇನ್ನು ಕೆಲವೇ ವರ್ಷಗಳಲ್ಲಿ ‘ಹಾವಳಿ’ ಎಂಬ ಪದವನ್ನು ಕಣ್ಣಾರೆ ಕಂಡು ಹೇಳುವವರು ಯಾರೂ ಇರುವುದಿಲ್ಲ. ಆಮೇಲೆ ಉಳಿಯುವುದು ಭಾಷಣದ ಪದಗಳು ಮಾತ್ರ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು, ಕಲ್ಲಿನ ಫಲಕ ಆಗಲಿ, ಸಂತೋಷ. ಅದರ ಜೊತೆಗೆ ಒಂದು ರಿಜಿಸ್ಟರ್ ಇಡೋಣ ಎಂಬುದು ನನ್ನ ವಿನಂತಿ. ಸಮಾಜ ವಿಜ್ಞಾನದ ಗುರುಗಳ ಮಾರ್ಗದರ್ಶನದಲ್ಲಿ 8, 9ನೇ ತರಗತಿಯ ಮಕ್ಕಳು ತಮ್ಮ ಮುತ್ಯಾ, ಆಯಿಯರ ಬಳಿ ಕೂತು ಆ ಕಾಲದ ಪದಗಳನ್ನು ಬರೆದುಕೊಳ್ಳಲಿ. ಪದ, ಅದರ ಅರ್ಥ, ಅದರ ಜೊತೆಗಿನ ಒಂದು ನೆನಪು, ಇಷ್ಟೇ ಸಾಕು. ಗೌಡರ ಓಣಿಗೂ ಹೋಗಲಿ, ಹರಿಜನ ಓಣಿಗೂ ಹೋಗಲಿ, ತಾಂಡಾಕ್ಕೂ ಹೋಗಲಿ, ಮಸೀದಿ ಓಣಿಗೂ ಹೋಗಲಿ. ಹೆಣ್ಣುಮಕ್ಕಳ ನೆನಪನ್ನು ಮುಖ್ಯವಾಗಿ ಕೇಳಲಿ, ಅದನ್ನು ಇದುವರೆಗೆ ಕೇಳಿದವರು ಕಡಿಮೆ. ಧ್ವನಿ ಮುದ್ರಿಸಿ ಕಂಪ್ಯೂಟರಿನಲ್ಲಿ ಜೋಪಾನ ಮಾಡುವ ಕೆಲಸವನ್ನು ನಮ್ಮಂಥ ಹಳೆಯ ವಿದ್ಯಾರ್ಥಿಗಳು ವಹಿಸಿಕೊಳ್ಳುತ್ತೇವೆ.

ಈ ವರ್ಷದ ಬೇಸಿಗೆ ರಜೆಯಲ್ಲೇ ಶುರು ಮಾಡಬಹುದು. ಹಿರಿಯರು ಕಾಯುವ ವಯಸ್ಸಿನಲ್ಲಿಲ್ಲ.